ಮೂವತ್ತೆಂಟು ಬಾವಿ, ಒಂದು ನಕ್ಷೆ: ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ ಕೆಲಸದ ದಿನಚರಿ

ಬೀದರ್ ಪೇಟೆಯಲ್ಲಿ ನನ್ನದೊಂದು ಟೈಪಿಂಗ್, ಝೆರಾಕ್ಸ್, ಆನ್‌ಲೈನ್ ಅರ್ಜಿಯ ಅಂಗಡಿ ಇದೆ. ತವರೂರು ಇಲ್ಲಿಂದ ಬೈಕಿನ ಮೇಲೆ ಇಪ್ಪತ್ತು ನಿಮಿಷದ ದಾರಿ. ಹೋದ ವರ್ಷ ನಮ್ಮ ಓಣಿಯ ಒಂದು ಬಾವಿಗೆ ಮುರುಮು ತುಂಬಿ ಮೇಲೆ ಖೋಲಿ ಕಟ್ಟಿದರು. ಚಿಕ್ಕವಳಿದ್ದಾಗ ನಾನು ಆ ಬಾವಿಯಿಂದ ನೀರು ಸೇದಿದ್ದೇನೆ. ಊರಿನಲ್ಲಿ ಇಂಥವು ಇನ್ನೆಷ್ಟು ಉಳಿದಿವೆ, ಯಾವುದರಲ್ಲಿ ನೀರಿದೆ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳಿದರು. ಫೋನಿನಲ್ಲಿ ತೆರೆದು, ಚುಕ್ಕಿ ಮುಟ್ಟಿದರೆ ಆ ಬಾವಿಯ ವಿವರ ಬರುವಂಥ ನಕ್ಷೆ ಮಾಡೋಣ ಎಂದು ಹೊರಟೆ. ಎಂಟು ತಿಂಗಳಾಯಿತು. ಭಾನುವಾರ ಅಂಗಡಿಗೆ ರಜೆ, ಹಾಗಾಗಿ ಕೆಳಗಿನ ತಾರೀಖುಗಳೆಲ್ಲ ಭಾನುವಾರದವು.

ಏಪ್ರಿಲ್ 27, 2025: ಪಟ್ಟಿ

ಕಾಕಾ ಮತ್ತು ಓಣಿಯ ನಾಲ್ಕು ಮಂದಿ ಹಿರಿಯರನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಬಾವಿಗಳ ಹೆಸರು ಬರೆದುಕೊಂಡೆ. ನೆನಪಿನಿಂದ ಬಂದವು 43. ತಿರುಗಿ ನೋಡಿದಾಗ ಐದು ಮುಚ್ಚಿಹೋಗಿದ್ದವು. ಉಳಿದವು 38. ಮುಚ್ಚಿಹೋದ ಐದನ್ನೂ ಪಟ್ಟಿಯಿಂದ ತೆಗೆಯಲಿಲ್ಲ, ‘ಮುಚ್ಚಿದೆ’ ಎಂದು ಬರೆದು ಇಟ್ಟುಕೊಂಡೆ. ಎಲ್ಲಿತ್ತು ಎಂಬುದಾದರೂ ಗೊತ್ತಿರಲಿ.

ಒಬ್ಬ ಮನೆಯವರು ತಮ್ಮ ಹೆಸರು ಎಲ್ಲೂ ಬರಬಾರದು ಎಂದರು. ಅದು ಸರಿಯಾದ ಮಾತು. ಆದ್ದರಿಂದ ನಕ್ಷೆಯಲ್ಲಿ ಮಾಲೀಕರ ಹೆಸರು ಯಾರದೂ ಇಲ್ಲ. ಜನ ಕರೆಯುವ ಬಾವಿಯ ಹೆಸರು ಮಾತ್ರ: ಬೇವಿನ ಬಾವಿ, ದರ್ಗಾ ಬಾವಿ, ಜೋಡು ಗಡಗಡಿ ಬಾವಿ.

ಮೇ 4: ಹಗ್ಗದಿಂದ ಅಳೆದದ್ದು, ಒಂದು ದಿನ ವ್ಯರ್ಥ

ಹತ್ತಿಯ ಹಗ್ಗಕ್ಕೆ ಅಡಿಗೊಂದು ಗಂಟು ಹಾಕಿ, ತುದಿಗೆ ಗೌಂಡಿಗಳ ತೂಗುಗುಂಡು ಕಟ್ಟಿ ಇಳಿಬಿಟ್ಟೆ. ಗುಂಡು ನೀರಿಗೆ ಬಡಿದ ಸಪ್ಪಳಕ್ಕೆ ನಿಲ್ಲಿಸಿ ಗಂಟು ಎಣಿಸುವುದು. ಸಂಜೆಯ ಹೊತ್ತಿಗೆ ಹನ್ನೊಂದು ಬಾವಿ ಮುಗಿದವು. ಮನೆಗೆ ಬಂದು ಸಂಶಯಕ್ಕೆ ಹಗ್ಗವನ್ನು ನೆಲದ ಮೇಲೆ ಚಾಚಿ ಟೇಪ್ ಹಿಡಿದರೆ, 30 ಗಂಟಿನ ಉದ್ದ ಇಪ್ಪತ್ತೆಂಟೂವರೆ ಅಡಿ. ಹತ್ತಿಯ ಹಗ್ಗ ನೆನೆದರೆ ಗಿಡ್ಡವಾಗುತ್ತದೆ. ಬೆಳಿಗ್ಗೆಯ ಬಾವಿಗೂ ಸಂಜೆಯ ಬಾವಿಗೂ ಒಂದೇ ಹಗ್ಗ ಬೇರೆ ಬೇರೆ ಅಳತೆ ಕೊಟ್ಟಿದೆ. ಹನ್ನೊಂದನ್ನೂ ಹೊಡೆದುಹಾಕಿದೆ.

ಮರುದಿನ 30 ಮೀಟರಿನ ಫೈಬರ್ ಟೇಪ್ ತಂದೆ, 420 ರೂಪಾಯಿ. ತೂಗುಗುಂಡನ್ನು ಟೇಪಿನ ಕೊಂಡಿಗೆ ಕಟ್ಟಿದರೆ ಗುಂಡಿನ ತುದಿ ಸೊನ್ನೆಗಿಂತ ಕೆಳಗೆ ಬರುತ್ತದೆ. ಆ ಹೆಚ್ಚುವರಿ ಉದ್ದವನ್ನು ಒಮ್ಮೆ ಅಳೆದು, ಪ್ರತಿ ಸಲ ಕೂಡಿಸಬೇಕು. ನಮ್ಮದು 5 ಇಂಚು. ಅದನ್ನು ಟೇಪಿನ ಡಬ್ಬಿಯ ಮೇಲೇ ಬರೆದಿದ್ದೇನೆ.

ಇನ್ನೊಂದು ಕೆಲಸ: ಪ್ರತಿ ಬಾವಿಯ ಕಟ್ಟೆಯ ಮೇಲೆ ಟೇಪ್ ಇಡುವ ಜಾಗಕ್ಕೆ ಬಿಳಿ ಬಣ್ಣದ ಗುರುತು. ಹಳೆ ಬಾವಿಗಳ ಕಟ್ಟೆ ಸಮ ಇರುವುದಿಲ್ಲ. ಗುರುತಿಲ್ಲದಿದ್ದರೆ ಮುಂದಿನ ಸಲ ಬೇರೆ ಕಡೆಯಿಂದ ಅಳೆದು, ನೀರು ಏರಿತೋ ಇಳಿಯಿತೋ ಎಂದು ತಪ್ಪು ತಿಳಿಯುತ್ತೇವೆ.

ಮೇ 11: ಫೋನಿನ ಜಾಗ ಗುರುತು

ಕೋಬೋ ಕಲೆಕ್ಟ್ ಆಪ್‌ನಲ್ಲಿ ಕನ್ನಡದಲ್ಲೇ ಫಾರ್ಮ್ ಮಾಡಿದೆ. ಖರ್ಚಿಲ್ಲ, ನೆಟ್‌ವರ್ಕ್ ಇಲ್ಲದ ಕಡೆಯೂ ತುಂಬಬಹುದು. ಬಯಲಿನ ಬಾವಿಗಳಲ್ಲಿ ನಿಖರತೆ 5 ಮೀಟರಿಗೆ ಬೇಗ ಬಂತು. ಓಣಿಯೊಳಗೆ, ಬೇವಿನ ಮರದ ಕೆಳಗೆ, 20 ಮೀಟರಿಗಿಂತ ಕೆಳಗೆ ಇಳಿಯಲೇ ಇಲ್ಲ. ಜೋಡು ಗಡಗಡಿ ಬಾವಿಗೂ ಅದರ ಪಕ್ಕದ ಬಾವಿಗೂ ನಡುವೆ ಇರುವುದೇ 12 ಮೀಟರ್. ಹಾಗಾಗಿ ನಕ್ಷೆಯಲ್ಲಿ ಎರಡೂ ಅದಲು ಬದಲಾದವು. ಕೊನೆಗೆ ಓಣಿಯೊಳಗಿನ ಒಂಬತ್ತು ಬಾವಿಗಳನ್ನು ಫೋನಿಗೆ ಬಿಡದೆ, ಉಪಗ್ರಹ ಚಿತ್ರದ ಮೇಲೆ ಮನೆಯ ಮೂಲೆಗಳನ್ನು ನೋಡಿ ಕೈಯಿಂದಲೇ ಇಟ್ಟೆ. ಅದೇ ಸರಿ ಬಂತು.

ಮೊದಲೇ ಕಾಗದದ ಮೇಲೆ ಬರೆದುಕೊಂಡಿದ್ದ ನಾಲ್ಕು ಬಾವಿಗಳದು ಬೇರೆ ತೊಂದರೆ. 17 ಡಿಗ್ರಿ 54 ಮಿನಿಟು 30 ಸೆಕೆಂಡು ಎಂದು ಬರೆದದ್ದನ್ನು ಅವಸರದಲ್ಲಿ 17.5430 ಎಂದು ಹೊಡೆದಿದ್ದೆ. ಸರಿಯಾದದ್ದು 17.9083. ಮಿನಿಟನ್ನು 60ರಿಂದ, ಸೆಕೆಂಡನ್ನು 3600ರಿಂದ ಭಾಗಿಸಿ ಕೂಡಿಸಬೇಕು. ಆ ನಾಲ್ಕು ಬಾವಿಗಳು ದಕ್ಷಿಣಕ್ಕೆ ಸುಮಾರು 40 ಕಿ.ಮೀ. ಸರಿದು ಚಿಂಚೋಳಿಯ ದಿಕ್ಕಿಗೆ ಹೋಗಿ ಕುಳಿತಿದ್ದವು.

ಮೇ 18 ಮತ್ತು 25: ‘ನೀರಿನ ಆಳ’

ಇಡೀ ಕೆಲಸದಲ್ಲಿ ದೊಡ್ಡ ತಪ್ಪು ಆದದ್ದು ಇಲ್ಲಿ. ಹಾಗಾಗಿ ಬಿಡಿಸಿ ಬರೆಯುತ್ತೇನೆ.

ಎರಡು ತಂಡ ಮಾಡಿಕೊಂಡೆವು. ಮೇಲಿನ ಓಣಿಗೆ ನಾನು ಮತ್ತು ತಮ್ಮ, ಕೆಳಗಿನ ಓಣಿ ಮತ್ತು ಹೊಲದ ಕಡೆಗೆ ಪಿಯುಸಿ ಓದುವ ಅಣ್ಣನ ಮಗಳು ಮತ್ತು ಅವಳ ಗೆಳತಿಯರು. ಫಾರ್ಮಿನಲ್ಲಿ ನಾನು ಇಟ್ಟಿದ್ದ ಪ್ರಶ್ನೆ ಒಂದೇ: ‘ನೀರಿನ ಆಳ, ಅಡಿಗಳಲ್ಲಿ’. ಸಂಜೆ ಎರಡೂ ಕಡೆಯ ಲೆಕ್ಕ ಒಂದೇ ಪರದೆಗೆ ತಂದಾಗ, ಒಂದೇ ಸಾಲಿನ ಎರಡು ಬಾವಿಗಳಲ್ಲಿ ಒಂದಕ್ಕೆ 41, ಇನ್ನೊಂದಕ್ಕೆ 6. ಬಂಡೆ ಅಡ್ಡ ಬಂದಿರಬೇಕು ಎಂದು ಒಂದು ವಾರ ಹಾಗೇ ಬಿಟ್ಟೆ. ಮೇ 25ಕ್ಕೆ ಹುಡುಗಿಯೇ ಕೇಳಿದಳು:

“ಅತ್ತಿ, ನೀವು ಕಟ್ಟಿಯಿಂದ ನೀರಿನ ತನಕ ಅಳದೀರೇನು? ನಾವು ನೀರು ಎಷ್ಟು ಅದ ಅಂತ ಬರದೀವಿ.”

ಅವರು ಟೇಪನ್ನು ತಳಕ್ಕೆ ಮುಟ್ಟಿಸಿ, ಒದ್ದೆಯಾದ ಭಾಗದ ಉದ್ದ ಬರೆದಿದ್ದರು. ಕೆಲವು ಕಡೆ ಮನೆಯ ಹಿರಿಯರನ್ನು ಕೇಳಿದ್ದರು. “ನೀರು ಎಷ್ಟು ಆಳ ಅವ?” ಎಂದರೆ ನಮ್ಮ ಕಡೆ ಬರುವ ಉತ್ತರ “ಒಂದಾಳು ಅವ”, “ಎರಡಾಳು ಅವ”. ಅಂದರೆ ಆಳುದ್ದದ ಲೆಕ್ಕದಲ್ಲಿ ನಿಂತ ನೀರು. ನಾನು ಕೇಳಿದ್ದು ನೀರು ಎಷ್ಟು ಕೆಳಗಿದೆ ಎಂದು. ಕನ್ನಡದಲ್ಲಿ ‘ಆಳ’ ಎಂದರೆ ಎರಡೂ ಆಗುತ್ತದೆ. ಮಕ್ಕಳು ಓದಿಕೊಂಡದ್ದು ಸರಿ, ನಾನು ಕೇಳಿದ ಮಾತು ಅರೆಬರೆ. ಒಂದರಲ್ಲಿ ಅಂಕಿ ದೊಡ್ಡದಾದರೆ ನೀರು ಕಡಿಮೆ, ಇನ್ನೊಂದರಲ್ಲಿ ಅಂಕಿ ದೊಡ್ಡದಾದರೆ ನೀರು ಹೆಚ್ಚು. ಎರಡನ್ನೂ ಒಂದೇ ಕಾಲಮ್ಮಿಗೆ ಹಾಕಿ ಬಣ್ಣ ಹಚ್ಚಿದ ನಕ್ಷೆ ಏನನ್ನೂ ಹೇಳುವುದಿಲ್ಲ.

ಫಾರ್ಮಿನಿಂದ ‘ಆಳ’ ಎಂಬ ಮಾತನ್ನೇ ತೆಗೆದೆ. ಈಗ ಇರುವ ಪ್ರಶ್ನೆಗಳು ಮೂರು, ಮೂರೂ ಟೇಪಿನಿಂದಲೇ:

1. ನೆಲದಿಂದ ಕಟ್ಟೆಯ ಬಿಳಿ ಗುರುತಿಗೆ ಎಷ್ಟು?
2. ಬಿಳಿ ಗುರುತಿನಿಂದ ನೀರಿನ ಮೇಲ್ಮೈಗೆ ಎಷ್ಟು?
3. ಬಿಳಿ ಗುರುತಿನಿಂದ ತಳಕ್ಕೆ ಎಷ್ಟು?

ಉಳಿದದ್ದನ್ನು ಕಂಪ್ಯೂಟರೇ ಕಳೆಯಲಿ. ಬೇವಿನ ಬಾವಿಗೆ ಕಟ್ಟೆ ಎರಡೂವರೆ ಅಡಿ, ನೀರಿಗೆ 41, ತಳಕ್ಕೆ 47. ಅಂದರೆ ನೆಲದಿಂದ ನೀರಿಗೆ ಮೂವತ್ತೆಂಟೂವರೆ, ನಿಂತ ನೀರು 6. ಒಂದೇ ಬಾವಿಗೆ 41, 38.5, 6 ಎಂಬ ಮೂರು ಅಂಕಿಗಳು. ಮೂರೂ ನಿಜ. ಕಟ್ಟೆ ಕಳೆಯದೆ ಇದ್ದರೆ ಎರಡು ಬಾವಿ ಹೋಲಿಸಲು ಬರುವುದಿಲ್ಲ, ಏಕೆಂದರೆ ಒಂದರ ಕಟ್ಟೆ ಮೊಣಕಾಲಿಗೆ, ಇನ್ನೊಂದರದು ಎದೆಯ ಮಟ್ಟಕ್ಕೆ.

ಮೂವತ್ತೆಂಟನ್ನೂ ಮೊದಲಿನಿಂದ ಅಳೆದೆವು. ಆ ಭಾನುವಾರವೂ ಮುಂದಿನ ಮೂರು ಸಂಜೆಗಳೂ ಅದಕ್ಕೇ ಹೋದವು. ಮೇ ತಿಂಗಳು ದಾಟುವುದರೊಳಗೆ ಮುಗಿಯಲೇಬೇಕಿತ್ತು. ಕೇಂದ್ರ ಅಂತರ್ಜಲ ಮಂಡಳಿಯವರು ತಮ್ಮ ವೀಕ್ಷಣಾ ಬಾವಿಗಳನ್ನು ವರ್ಷಕ್ಕೆ ನಾಲ್ಕು ಸಲ ಅಳೆಯುತ್ತಾರೆ. ಮಳೆಗಾಲದ ಮುಂಚಿನ ಒಂದು ಅಳತೆ, ಮಳೆ ಮುಗಿದ ಮೇಲೆ ನವೆಂಬರಿನ ಒಂದು ಅಳತೆ ಅದರಲ್ಲಿ ಮುಖ್ಯ. ನಮ್ಮದನ್ನೂ ಅದೇ ತಿಂಗಳುಗಳಿಗೆ ಹೊಂದಿಸಿದೆ. ನಾಳೆ ಯಾರಾದರೂ ಪಕ್ಕದಲ್ಲಿಟ್ಟು ನೋಡಬಹುದು.

ಜೂನ್ 8: ನುಡಿಯ ಅಕ್ಷರ

ಬಾವಿಗಳ ಹೆಸರಿನ ಪಟ್ಟಿಯನ್ನು ಅಂಗಡಿಯ ರೂಢಿಯಂತೆ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದೆ. ನಕ್ಷೆಯ ಪುಟದಲ್ಲಿ ಅದು ಅಡ್ಡಾದಿಡ್ಡಿ ಲ್ಯಾಟಿನ್ ಚಿಹ್ನೆಗಳಾಗಿ ಬಂತು. ಆ ಫಾಂಟಿನಲ್ಲಿ ಕನ್ನಡ ಕಾಣುವುದು ರೂಪ ಮಾತ್ರ, ಒಳಗಿರುವ ಸಂಕೇತ ಕನ್ನಡದ್ದಲ್ಲ. ನುಡಿಯ ಪರಿವರ್ತಕದಿಂದ ಯೂನಿಕೋಡಿಗೆ, ಅಂದರೆ ಎಲ್ಲ ಫೋನು ಕಂಪ್ಯೂಟರುಗಳಿಗೂ ತಿಳಿಯುವ ಅಕ್ಷರ ಸಂಕೇತಕ್ಕೆ, ತಿರುಗಿಸಿದೆ. ಅರ್ಕಾವೊತ್ತು ಇದ್ದ ಕಡೆ ತಪ್ಪಿತು. ‘ದರ್ಗಾ’ ಸರಿಯಾಗಿ ಬರಲಿಲ್ಲ. ಅಂಥವು ಏಳು, ಕೈಯಿಂದ ತಿದ್ದಿದೆ.

ಆಮೇಲೆ ಆ ಪಟ್ಟಿಯ ಸಿಎಸ್‌ವಿ ಕಡತವನ್ನು (ಅಲ್ಪವಿರಾಮ ಹಾಕಿ ಸಾಲು ಸಾಲಾಗಿ ಬರೆದ ಸರಳ ಕಡತ) ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆದು ಉಳಿಸಿದ್ದೇ ಮತ್ತೊಮ್ಮೆ ಕೆಟ್ಟಿತು. ಈಗ ಲಿಬ್ರೆ ಆಫೀಸಿನಲ್ಲೇ ತೆರೆಯುತ್ತೇನೆ. ತೆರೆಯುವಾಗ ಅಕ್ಷರ ಸಂಕೇತ ಯಾವುದೆಂದು ಅದೇ ಕೇಳುತ್ತದೆ, ಯೂನಿಕೋಡಿನ ಯುಟಿಎಫ್-8 ಆರಿಸಿದರೆ ಮುಗಿಯಿತು. ಕನ್ನಡದಲ್ಲಿ ಇಂಥ ಕೆಲಸ ಮಾಡುವವರು ಮೊದಲ ದಿನವೇ ಯೂನಿಕೋಡಿನಲ್ಲಿ ಶುರು ಮಾಡಿ ಎಂದು ಕೈಮುಗಿದು ಹೇಳುತ್ತೇನೆ. ನನಗೆ ಇದರಲ್ಲೇ ಎರಡು ರಾತ್ರಿ ಹೋಯಿತು.

ಜೂನ್ 15: ಹಳೆಯ ಹಾಳೆ

ಪರಿಚಯದವರೊಬ್ಬರ ಬಳಿ ಸರ್ವೇ ಆಫ್ ಇಂಡಿಯಾದ ಹಳೆಯ ಟೋಪೋಶೀಟ್, ಅಂದರೆ ನೆಲದ ವಿವರವಾದ ನಕ್ಷೆ ಹಾಳೆಯ, ಸ್ಕ್ಯಾನ್ ಇತ್ತು. ಅದರಲ್ಲಿ ಬಾವಿಗಳ ಗುರುತಿದೆ, ಮುಚ್ಚಿಹೋದವು ಸಿಗಬಹುದು ಎಂದು ಆಸೆ. ಬೀದರ್ ಇರುವುದು 56 ಜಿ ಹಾಳೆಯಲ್ಲಿ. ಅದನ್ನು ಹಂಚಿ ಮಾಡಿದ ಸಣ್ಣ ಹಾಳೆಗಳ ಒಂದು ಗಡಿ 77 ಡಿಗ್ರಿ 30 ಮಿನಿಟಿನ ರೇಖೆ, ಅದು ಪೇಟೆಯ ಪಕ್ಕದಲ್ಲೇ ಹಾದುಹೋಗುತ್ತದೆ. ನಮ್ಮೂರಿನ ಅರ್ಧ ಒಂದು ಹಾಳೆ, ಅರ್ಧ ಇನ್ನೊಂದು.

ಕ್ಯೂಜಿಐಎಸ್ ಎಂಬ ನಕ್ಷೆ ಮಾಡುವ ತಂತ್ರಾಂಶದಲ್ಲಿ ಹಾಳೆಯ ನಾಲ್ಕು ಮೂಲೆಗಳ ಅಕ್ಷಾಂಶ ರೇಖಾಂಶ ಕೊಟ್ಟು ಕೂರಿಸಿದೆ. ಹಾಳೆಯಲ್ಲಿದ್ದ ಬಾವಿಗಳೆಲ್ಲ ನಮ್ಮ ಚುಕ್ಕಿಗಳಿಗಿಂತ ಆಗ್ನೇಯಕ್ಕೆ, ನೂರೈವತ್ತು ಮೀಟರಿಗೂ ಮಿಗಿಲಾಗಿ ಸರಿದಿದ್ದವು. ಟೇಪ್ ತಪ್ಪೋ, ಫೋನ್ ತಪ್ಪೋ ಎಂದು ಒಂದು ದಿನ ಹುಡುಕಿದೆ. ಎರಡೂ ಅಲ್ಲ. ಹಳೆಯ ಹಾಳೆಗಳು 1830ರ ಎವರೆಸ್ಟ್ ಗೋಳಾಕೃತಿಯನ್ನು, ಅಂದರೆ ಭೂಮಿಯ ಆಕಾರದ ಹಳೆಯ ಲೆಕ್ಕವನ್ನು, ಆಧಾರವಾಗಿಟ್ಟುಕೊಂಡವು, ಮೂಲಬಿಂದು ಮಧ್ಯಪ್ರದೇಶದ ಕಲ್ಯಾಣಪುರ. ಫೋನಿನದು ಡಬ್ಲ್ಯುಜಿಎಸ್ 84 ಎಂಬ ಹೊಸ ಲೆಕ್ಕ. ಎರಡರಲ್ಲೂ 77 ಡಿಗ್ರಿ 30 ಮಿನಿಟು ಒಂದೇ ನೆಲದ ಮೇಲೆ ಬೀಳುವುದಿಲ್ಲ. ಹಾಳೆಯನ್ನು ‘ಕಲ್ಯಾಣಪುರ 1975’ ಎಂದು ಘೋಷಿಸಿ, ಅಲ್ಲಿಂದ ಡಬ್ಲ್ಯುಜಿಎಸ್ 84ಕ್ಕೆ ತಿರುಗಿಸಿದ ಮೇಲೆ ಹೊಂದಿಕೊಂಡಿತು. ಮುಚ್ಚಿದ ಐದರಲ್ಲಿ ಎರಡರ ಜಾಗ ಹಾಳೆಯಿಂದ ಖಚಿತವಾಯಿತು.

ಈ ಗೋಳಾಕೃತಿಯ ಲೆಕ್ಕಕ್ಕೂ ಬೀದರಿಗೂ ಹಳೆಯ ನಂಟು. ಭಾರತದ ಮಹಾ ತ್ರಿಕೋನಮಿತಿ ಸರ್ವೇಯವರು ನೆಲದ ಮೇಲೇ ಅತಿ ಜಾಗರೂಕತೆಯಿಂದ ಅಳೆದ ಆಧಾರರೇಖೆಗಳಲ್ಲಿ ಒಂದು ಬೀದರಿನದು, 1841ರಲ್ಲಿ ಆಂಡ್ರ್ಯೂ ವಾ ಅದನ್ನು ಅಳೆದರು. ಲೋಹದ ಪಟ್ಟಿ ಬಿಸಿಲಿಗೆ ಹಿಗ್ಗುವುದನ್ನೂ ಸರಿದೂಗಿಸುವ ಸಾಧನ ಅವರ ಬಳಿ ಇತ್ತು. ನೆನೆದ ಹಗ್ಗದ ದಿನದ ನಂತರ ಇದನ್ನು ಓದಿದಾಗ ಆ ಕೆಲಸದ ಮೇಲೆ ಗೌರವ ಹೆಚ್ಚಿತು.

ಜೂನ್ 22: ನಕ್ಷೆಯ ಪುಟ

ಲೀಫ್ಲೆಟ್ ಎಂಬ ಉಚಿತ ಜಾವಾಸ್ಕ್ರಿಪ್ಟ್ ಸಾಧನ ಬಳಸಿದೆ. ವೊಲೊದಿಮಿರ್ ಅಗಾಫೋನ್‌ಕಿನ್ 2011ರಲ್ಲಿ ಬಿಟ್ಟದ್ದು. ಬಹಳ ಹಗುರ, ಹಳೆಯ ಫೋನಿನಲ್ಲೂ ಓಡುತ್ತದೆ. ಬಾವಿಗಳ ಲೆಕ್ಕವನ್ನು ಜಿಯೋಜೇಸನ್ ಕಡತವಾಗಿ (ಜಾಗ ಮತ್ತು ವಿವರ ಒಟ್ಟಿಗೆ ಇಡುವ ಬಗೆ) ಕ್ಯೂಜಿಐಎಸ್‌ನಿಂದ ಹೊರತಂದೆ. ಮೂರು ಎಡವಟ್ಟು ಆದವು.

ಮೊದಲನೆಯದು, ಪುಟ ತೆರೆದರೆ ಬರೀ ಸಮುದ್ರ. ಜಿಯೋಜೇಸನ್‌ನಲ್ಲಿ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. ಲೀಫ್ಲೆಟ್‌ನಲ್ಲಿ ಕೈಯಿಂದ ಬಿಂದು ಕೊಡುವಾಗ ಅಕ್ಷಾಂಶ ಮೊದಲು. ಪುಟದ ಕೇಂದ್ರಬಿಂದುವನ್ನು 77.5, 17.9 ಎಂದು ಕೊಟ್ಟಿದ್ದೆ. ಅದು ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳ ಹತ್ತಿರ, ಉತ್ತರ ಧ್ರುವದ ಕಡೆ. ತಿರುಗಿಸಿ ಕೊಟ್ಟೆ, ಊರು ಬಂತು.

ಎರಡನೆಯದು, ದೂರದಿಂದ ನೋಡಿದರೆ ವೃತ್ತಗಳು ಮಾಯ, ಹತ್ತಿರ ಹೋದರೆ ಇಡೀ ಓಣಿ ಮುಚ್ಚುವಷ್ಟು ದೊಡ್ಡವು. ‘ಸರ್ಕಲ್’ ಬಳಸಿದ್ದೆ, ಅದರ ತ್ರಿಜ್ಯ ನೆಲದ ಮೇಲಿನ ಮೀಟರು. ‘ಸರ್ಕಲ್‌ಮಾರ್ಕರ್’ ಬಳಸಬೇಕು, ಅದರದು ಪರದೆಯ ಪಿಕ್ಸೆಲ್.

ಮೂರನೆಯದು ಗುಂಪು ಚುಕ್ಕಿ. ಹತ್ತಿರದ ಬಾವಿಗಳನ್ನು ಸೇರಿಸಿ ‘7’, ‘12’ ಎಂದು ಗುಳ್ಳೆ ತೋರಿಸುವ ಪ್ಲಗಿನ್ ಹಾಕಿದ್ದೆ. ಕಾಕಾ ಅದನ್ನು ನೀರಿನ ಅಡಿ ಎಂದು ಓದಿದರು. 38 ಚುಕ್ಕಿಗೆ ಅದು ಬೇಕಿರಲಿಲ್ಲ, ತೆಗೆದೆ.

ಹಿನ್ನೆಲೆಗೆ ಓಪನ್‌ಸ್ಟ್ರೀಟ್‌ಮ್ಯಾಪ್, ಜನರೇ ಸೇರಿ ಬರೆಯುವ ಮುಕ್ತ ನಕ್ಷೆ. ಅದರಲ್ಲಿ ನಮ್ಮೂರಿನ ಮುಖ್ಯ ರಸ್ತೆ ಬಿಟ್ಟರೆ ಏನೂ ಇರಲಿಲ್ಲ. ಓಣಿಗಳನ್ನು ನಾನೇ ಬರೆದು ಸೇರಿಸಿದೆ. ಊರಿನಲ್ಲಿ ಪರೀಕ್ಷಿಸಿದಾಗ ಕೆಳಗಿನ ಓಣಿಯಲ್ಲಿ ನೆಟ್‌ವರ್ಕ್ ಇಲ್ಲದೆ ಹಿನ್ನೆಲೆ ಚಿತ್ರ ಬರಲೇ ಇಲ್ಲ, ಬೂದು ಹಾಳೆಯ ಮೇಲೆ ಚುಕ್ಕಿ ಮಾತ್ರ. ಆ ಚಿತ್ರಗಳನ್ನು ಒಟ್ಟಿಗೆ ಇಳಿಸಿ ಇಟ್ಟುಕೊಳ್ಳೋಣವೆಂದರೆ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಸರ್ವರ್ ನಿಯಮ ಅದಕ್ಕೆ ಒಪ್ಪುವುದಿಲ್ಲ. ಆದರೆ ಮೂಲ ದತ್ತಾಂಶ ಮುಕ್ತ, ಅವರ ಹೆಸರು ನಮೂದಿಸಿ ಬಳಸಬಹುದು. ಊರಿನ ಓಣಿಗಳ ಗೆರೆಗಳನ್ನಷ್ಟೇ ಹೊರತೆಗೆದು ಪುಟದೊಳಗೇ ಇಟ್ಟೆ. 60 ಕೆಬಿ ಆಯಿತು. ಒಮ್ಮೆ ತೆರೆದರೆ ಸಾಕು, ಹಿನ್ನೆಲೆ ಬರದಿದ್ದರೂ ಓಣಿ ಗುರುತಿಸಬಹುದು.

ಜುಲೈ 6: ಕಡುನೀಲಿ

ಪಂಚಾಯಿತಿ ಕಟ್ಟೆಯ ಮೇಲೆ ಹತ್ತು ಹನ್ನೆರಡು ಮಂದಿಗೆ ಫೋನ್ ಕೊಟ್ಟು ತೋರಿಸಿದೆ. ನೀರು ನೆಲದಿಂದ ಎಷ್ಟು ಕೆಳಗಿದೆಯೋ ಅಷ್ಟು ಕಡುನೀಲಿ ಎಂದು ಬಣ್ಣ ಕೊಟ್ಟಿದ್ದೆ. ಕ್ಯೂಜಿಐಎಸ್ ತಾನಾಗಿ ಕೊಡುವುದೇ ಹಾಗೆ: ದೊಡ್ಡ ಅಂಕಿಗೆ ಗಾಢ ಬಣ್ಣ. ಬೇವಿನ ಬಾವಿಯ ಮನೆಯ ಆಯಿ ಫೋನನ್ನು ಬಹಳ ಹೊತ್ತು ಹಿಡಿದು ನೋಡಿದರು.

“ಯವ್ವಾ, ನಮ್ಮ ಬಾವ್ಯಾಗ ನೀರು ತಳ ಹಿಡಿದಾವ. ಇದರಾಗ ನೋಡಿದರ ಕೆರಿ ತುಂಬಿದಂಗ ನೀಲಿ ಅದ. ಇದು ಯಾರ ಬಾವಿ?”

ನೋಡಿದ ಎಲ್ಲರೂ ಕಡುನೀಲಿಯನ್ನು ಸಮೃದ್ಧಿ ಎಂದೇ ಓದಿದ್ದರು. ಕೇಳಿದವರು ಅವರೊಬ್ಬರೇ. ಪುಟದ ಮೂಲೆಯಲ್ಲಿ ಬಣ್ಣದ ವಿವರ ಕೊಟ್ಟಿದ್ದೆ, ಅದನ್ನು ಯಾರೂ ನೋಡಲಿಲ್ಲ. ಅವರು ನೋಡಬೇಕು ಎಂದು ಹಟ ಹಿಡಿಯುವುದು ಸರಿಯಲ್ಲ. ನಿಂತ ನೀರಿನ ಎತ್ತರಕ್ಕೆ ನೀಲಿ ಕೊಟ್ಟೆ, ಹೆಚ್ಚು ನೀರಿಗೆ ಹೆಚ್ಚು ಕಡು. ಒಣಗಿದ್ದಕ್ಕೆ ಕಂದು ಬಳೆ. ನೆಲದಿಂದ ನೀರಿಗೆ ಎಷ್ಟು ಎಂಬುದು ಚುಕ್ಕಿ ಮುಟ್ಟಿದಾಗ ಬರುವ ಚೀಟಿಯಲ್ಲಿ, ಪೂರ್ತಿ ವಾಕ್ಯವಾಗಿ: ‘ನೆಲದಿಂದ 38.5 ಅಡಿ ಕೆಳಗೆ ನೀರು ಸಿಗುತ್ತದೆ. 6 ಅಡಿ ನೀರು ನಿಂತಿದೆ.’ ಆಯಿಗೆ ಮತ್ತೆ ತೋರಿಸಿದೆ, ಮೊಮ್ಮಗನಿಂದ ಚೀಟಿ ಓದಿಸಿಕೊಂಡು “ಈಗ ನಮ್ಮದು” ಎಂದರು.

ನವೆಂಬರ್ 9 ಮತ್ತು 16: ಎರಡನೇ ಅಳತೆ

ಅದೇ ಟೇಪ್, ಅದೇ ಬಿಳಿ ಗುರುತು, ಅದೇ ಮೂರು ಪ್ರಶ್ನೆ. ಎರಡು ಭಾನುವಾರದಲ್ಲಿ 38 ಮುಗಿದವು. ಎರಡು ಕಟ್ಟೆಗಳಿಗೆ ಹಬ್ಬಕ್ಕೆ ಸುಣ್ಣ ಬಳಿದು ಗುರುತು ಹೋಗಿತ್ತು, ಫಾರ್ಮಿನಲ್ಲಿದ್ದ ಫೋಟೋ ನೋಡಿ ಮತ್ತೆ ಹಾಕಿದೆವು. ಈ ಸಲ ನೀಲಿ ಬಣ್ಣದಿಂದ.

ಪುಟದ ಮೇಲೆ ‘ಮೇ’, ‘ನವೆಂಬರ್’ ಎಂಬ ಎರಡು ಗುಂಡಿ ಇಟ್ಟೆ. ಒಂದರಿಂದ ಇನ್ನೊಂದಕ್ಕೆ ಒತ್ತಿದರೆ ಚುಕ್ಕಿಗಳ ಬಣ್ಣ ಬದಲಾಗುತ್ತದೆ. ಇಷ್ಟು ತಿಂಗಳು ಹಾಳೆಯ ಮೇಲೆ ಕಾಣದೆ ಇದ್ದದ್ದು ಕಂಡದ್ದು ಆಗ. ಬೇವಿನ ಬಾವಿಯಲ್ಲಿ ನೀರು ನೆಲದಿಂದ 14 ಅಡಿಗೆ ಬಂದಿತ್ತು, ಅದರ ಸಾಲಿನವೆಲ್ಲ ಹಾಗೇ. ಆದರೆ ಇಳಿಜಾರಿನ ಅಂಚಿನ ಮೂರು ಬಾವಿಗಳು ಎರಡೂ ಗುಂಡಿಗೆ ಒಂದೇ ಬಣ್ಣ. ನೆಲದಿಂದ ನೀರಿಗೆ ಮೇ ತಿಂಗಳಲ್ಲಿ 9 ಅಡಿ, ನವೆಂಬರಿನಲ್ಲಿ ಏಳೂವರೆ. ಮತ್ತೆ ಹೋಗಿ ಅಳೆದೆ, ಅದೇ ಬಂತು. ಮೂರೂ ಹೆಚ್ಚುಕಡಿಮೆ ಒಂದೇ ಗೆರೆಯ ಮೇಲಿವೆ.

ಕಾಕಾನನ್ನು ಕೇಳಿದರೆ, “ಆ ಮೂರು ಬಾವಿ ಬತ್ತಿದ್ದು ನಾ ಹುಟ್ಟಿದಾಗಿಂದ ನೋಡಿಲ್ಲ ಬಿಡವ್ವ” ಎಂದರು. ಏಪ್ರಿಲಿನಲ್ಲಿ ಪಟ್ಟಿ ಬರೆಸುವಾಗ ಇದನ್ನು ಕೇಳಬೇಕೆಂದು ನನಗೆ ಹೊಳೆದಿರಲಿಲ್ಲ.

ಬೀದರಿನ ನೆಲದ ಮೇಲ್ಭಾಗ ಕೆಂಪು ಕಲ್ಲು, ಅಂದರೆ ಜಂಬಿಟ್ಟಿಗೆ. ಅದು ನೀರು ಹೀರುತ್ತದೆ. ಕೆಳಗೆ ಜೇಡಿ, ಅದರ ಕೆಳಗೆ ದಖನ್ನಿನ ಕರಿಕಲ್ಲು. ಇಳಿದ ನೀರು ಜೇಡಿಯ ಮೇಲೆ ನಿಂತು ಪಕ್ಕಕ್ಕೆ ಹರಿಯುತ್ತದೆ. ಬಹಮನಿ ಕಾಲದ ನೌಬಾದಿನ ಸುರಂಗ ಬಾವಿಯನ್ನು ತೋಡಿದ್ದೂ ಇದೇ ಕೆಂಪು ಕಲ್ಲಿನ ನೆಲದಲ್ಲಿ. ನಮ್ಮ ಮೂರು ಬಾವಿಗಳು ಕೆಂಪು ಕಲ್ಲು ಮುಗಿಯುವ ಅಂಚಿನಲ್ಲಿ ಇರಬೇಕು ಎಂಬುದು ನನ್ನ ಅಂದಾಜು. ಅಂದಾಜನ್ನು ನಕ್ಷೆಯಲ್ಲಿ ಹಾಕುವುದಿಲ್ಲ. ಹಾಗಾಗಿ ಫಾರ್ಮಿಗೆ ನಾಲ್ಕನೇ ಪ್ರಶ್ನೆ ಸೇರಿತು: ಬಿಳಿ ಗುರುತಿನಿಂದ ಕೆಂಪು ಕಲ್ಲು ಮುಗಿಯುವಲ್ಲಿಗೆ ಎಷ್ಟು?

ಖರ್ಚು

ಟೇಪ್ 420, ತೂಗುಗುಂಡು 110, ಬಣ್ಣ ಮತ್ತು ಬ್ರಶ್ 140, ವ್ಯರ್ಥವಾದ ಹಗ್ಗ 80, ಪೆಟ್ರೋಲ್ 600, ಪಂಚಾಯಿತಿ ಗೋಡೆಗೆ ಅಂಟಿಸಿದ ನಕ್ಷೆಯ ಪ್ರಿಂಟ್ 150. ಒಟ್ಟು 1,500 ರೂಪಾಯಿ. ಪುಟ ಇಟ್ಟಿರುವ ಜಾಗ ಉಚಿತ.

ಡಿಸೆಂಬರ್ 7: ಸಿಕ್ಕಿಕೊಂಡಿರುವುದು

ಬಾವಿಯ ಗೋಡೆಯಲ್ಲಿ ಕೆಂಪು ಕಲ್ಲು ಎಲ್ಲಿ ಮುಗಿಯುತ್ತದೆ ಎಂದು ಮೇಲಿನಿಂದ ಕಾಣುವುದಿಲ್ಲ. ಫೋನಿನ ಟಾರ್ಚು ಹತ್ತು ಅಡಿಗಿಂತ ಕೆಳಗೆ ಸಾಲದು. ಯಾರನ್ನೂ ಒಳಗೆ ಇಳಿಸಬಾರದು ಎಂದು ಮೊದಲೇ ನಿರ್ಧರಿಸಿದ್ದೇವೆ. ಹಳೆಯ ಬಾವಿಯ ತಳದಲ್ಲಿ ಗಾಳಿ ಕೆಟ್ಟಿರಬಹುದು, ಕಲ್ಲೂ ಸಡಿಲ. ಕಾಕಾ ಹೇಳಿದ ಹಳೆಯ ಉಪಾಯ ಕೆಲಸ ಮಾಡಿತು: ಮನೆಯ ಕನ್ನಡಿಯನ್ನು ಬಿಸಿಲಿಗೆ ಹಿಡಿದು ಬೆಳಕನ್ನು ಬಾವಿಯೊಳಗೆ ತಿರುಗಿಸುವುದು. ಒಬ್ಬರು ಕನ್ನಡಿ ಹಿಡಿದರೆ ಇನ್ನೊಬ್ಬರು ಟೇಪಿನ ಗುಂಡನ್ನು ಆ ಗೆರೆಗೆ ಇಳಿಸುತ್ತಾರೆ. ಕೆಂಪು ಎಲ್ಲಿಗೆ ನಿಂತು ಬೂದು ಹಳದಿ ಜೇಡಿ ಶುರುವಾಗುತ್ತದೆ ಎಂದು ಚೆನ್ನಾಗಿ ಕಾಣುತ್ತದೆ.

ಕಲ್ಲಿನಿಂದ ಪೂರ್ತಿ ಕಟ್ಟಿಸಿದ ಬಾವಿಗಳಲ್ಲಿ ಮಾತ್ರ ಏನೂ ಕಾಣದು, ಅಂಥವು ಹದಿಮೂರು. ಉಳಿದ ಇಪ್ಪತ್ತೈದರಲ್ಲಿ ಒಂಬತ್ತು ಆಗಿವೆ. ನವೆಂಬರ್ 23ರಂದು ಮೋಡ ಇತ್ತು, ಒಂದೂ ಆಗಲಿಲ್ಲ. ಇಳಿಜಾರಿನ ಆ ಮೂರರಲ್ಲಿ ಒಂದು ಕಟ್ಟಿಸಿದ್ದು, ಒಂದಕ್ಕೆ ಮರದ ನೆರಳು. ಮೂರನೆಯದನ್ನು ಇವತ್ತು ನೋಡಿದೆವು: ಕೆಂಪು ಕಲ್ಲು ಮುಗಿಯುವುದು ನೀರಿನ ಮೇಲ್ಮೈಗಿಂತ ಒಂದೂವರೆ ಅಡಿ ಕೆಳಗೆ, ನೀರಿನೊಳಗೇ, ಬೆಳಕು ಅಲ್ಲಿಯವರೆಗೂ ಹೋಯಿತು. ಮರದ ನೆರಳಿನದಕ್ಕೆ ಎರಡು ಕನ್ನಡಿ ಬೇಕು. ಅಣ್ಣನ ಮಗಳು ಹಾಸ್ಟೆಲಿನಿಂದ ಬರುವ ಭಾನುವಾರ ಮಾಡುತ್ತೇವೆ.